ಮೇಜಿನ ಮೇಲೆ ಸುಮ್ಮನಿದ್ದ ಫೋನು 9.8 ತೋರಿಸಿತು: ಫೈಫಾಕ್ಸ್ ಆಪ್ ಜೊತೆ ನನ್ನ ನಾಲ್ಕು ತಿಂಗಳು

ಮೆಕ್ಯಾನಿಕ್ಸ್ ಮತ್ತು ವೇವ್ಸ್ ಪೇಪರ್‌ನಲ್ಲಿ ಮೊದಲ ಸಲ ನಾನು ಫೇಲಾದೆ. ಸೂತ್ರಗಳು ಬಾಯಿಪಾಠ ಇದ್ದವು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಸರಳ ಲೋಲಕದ ಆವರ್ತಕಾಲ ಹೇಳುತ್ತಿದ್ದೆ. ಆದರೆ ಲಿಫ್ಟಿನೊಳಗೆ ನಿಂತವನ ತೂಕ ಎಷ್ಟು ಎಂಬ ಲೆಕ್ಕ ಬಂದರೆ ಗುರುತ್ವದ ವೇಗೋತ್ಕರ್ಷ ಜಿ-ಗೆ ಲಿಫ್ಟಿನ ವೇಗೋತ್ಕರ್ಷ ಎ ಕೂಡಿಸಬೇಕೋ ಕಳೆಯಬೇಕೋ ಗೊತ್ತಾಗದೆ ಕೈಗೆ ತೋಚಿದ ಚಿಹ್ನೆ ಹಾಕುತ್ತಿದ್ದೆ. ಅದೇ ಪೇಪರನ್ನು ಈಗ ಎರಡನೇ ಸಲ ಓದುತ್ತಿದ್ದೇನೆ. ಈ ಸಲ ಪುಸ್ತಕದ ಪಕ್ಕದಲ್ಲಿ ಫೋನು ಇದೆ, ಫೋನಿನಲ್ಲಿ ಫೈಫಾಕ್ಸ್ ಇದೆ. ನನ್ನ ಹಾಗೆ ಸೂತ್ರ ಗೊತ್ತಿದ್ದೂ ವಿಷಯ ಹತ್ತದೆ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದವರು 2016ರಲ್ಲಿ ಹೊರತಂದ ಆಪ್ ಇದು. ದುಡ್ಡು ಕೊಡಬೇಕಿಲ್ಲ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ನಡೆಯುತ್ತದೆ. ಇದು ಪಾಠ ಮಾಡುವುದಿಲ್ಲ, ವಿಡಿಯೋ ತೋರಿಸುವುದಿಲ್ಲ. ಫೋನಿನೊಳಗೆ ಮೊದಲೇ ಇರುವ ವೇಗೋತ್ಕರ್ಷದ ಸೆನ್ಸರ್, ತಿರುಗುವಿಕೆ ಅಳೆಯುವ ಜೈರೋಸ್ಕೋಪ್, ಮೈಕು, ಸ್ಪೀಕರ್ ಇವನ್ನೆಲ್ಲ ಅಳತೆಯ ಸಲಕರಣೆಗಳಾಗಿ ನಮ್ಮ ಕೈಗೆ ಕೊಡುತ್ತದೆ, ಅಷ್ಟೇ.

ಮೊದಲ ದಿನ ‘ಅಕ್ಸೆಲರೇಷನ್ ವಿತ್ ಜಿ’ ತೆರೆದು ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಶುರು ಮಾಡಿದೆ. 9.8 ಎಂದು ತೋರಿಸಿತು. ನಿಂತಲ್ಲೇ ನಿಂತ ವಸ್ತುವಿಗೆ ವೇಗೋತ್ಕರ್ಷ ಸೊನ್ನೆ ತಾನೇ? ಫೋನು ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹಾಸಿಗೆಯ ಮೇಲೆ ಎರಡು ದಿಂಬು ಹಾಕಿ, ಒಂದು ಮೀಟರ್ ಎತ್ತರದಿಂದ ಫೋನನ್ನು ಬಿಟ್ಟೆ. ಗ್ರಾಫಿನಲ್ಲಿ 9.8ರ ಮಟ್ಟದಲ್ಲಿ ಹೋಗುತ್ತಿದ್ದ ಗೆರೆ ದಡಕ್ಕನೆ ಕೆಳಗಿಳಿದು ಸೊನ್ನೆಯ ಹತ್ತಿರ ಸ್ವಲ್ಪ ಹೊತ್ತು ಸಮತಟ್ಟಾಗಿ ಓಡಿ, ದಿಂಬಿಗೆ ಬಡಿದ ಕ್ಷಣ ಮೇಲಕ್ಕೆ ಚಿಮ್ಮಿತ್ತು. ಬೀಳುವಾಗ ಸೊನ್ನೆ, ಸುಮ್ಮನಿದ್ದಾಗ 9.8. ನಾನು ಕಲಿತದ್ದಕ್ಕೆ ಪೂರ್ತಿ ತಿರುಗುಮುರುಗು.

ಆ ರಾತ್ರಿ ಬೇರೇನೂ ಓದಲಿಲ್ಲ, ಇದೊಂದನ್ನೇ ಹಿಡಿದು ಕೂತೆ. ಸೆನ್ಸರಿನೊಳಗೆ ಇರುವುದು ಸಿಲಿಕಾನಿನ ಒಂದು ಅತಿ ಸಣ್ಣ ತುಣುಕು. ಅದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಆಸರೆಯಲ್ಲಿ ನಿಂತಿದೆ. ಆ ತುಣುಕು ಎಷ್ಟು ಸರಿಯಿತು ಎಂಬುದನ್ನು ಫೋನು ವಿದ್ಯುತ್ತಿನ ಮೂಲಕ ಅಳೆಯುತ್ತದೆ. ಮೇಜಿನ ಮೇಲಿದ್ದಾಗ ಮೇಜು ಫೋನನ್ನು ಮೇಲಕ್ಕೆ ಒತ್ತಿ ಹಿಡಿದಿದೆ, ಒಳಗೆ ಸ್ಪ್ರಿಂಗು ತುಣುಕನ್ನು ಎತ್ತಿ ಹಿಡಿದಿದೆ. ಬಿಟ್ಟಾಗ ಚೌಕಟ್ಟು, ತುಣುಕು ಎರಡೂ ಒಟ್ಟಿಗೇ ಬೀಳುತ್ತವೆ. ಯಾರೂ ಯಾರನ್ನೂ ಎತ್ತಿ ಹಿಡಿಯಬೇಕಿಲ್ಲ, ಸ್ಪ್ರಿಂಗು ಎಳೆಯುವುದಿಲ್ಲ. ಅಂದರೆ ಅದು ಅಳೆಯುತ್ತಿರುವುದು ಗುರುತ್ವವನ್ನಲ್ಲ, ಆಸರೆಯನ್ನು. ಪುಸ್ತಕದಲ್ಲಿ ‘ನಾರ್ಮಲ್ ಫೋರ್ಸ್’ ಎಂದು ಬಾಣ ಎಳೆದು ತೋರಿಸುತ್ತಾರಲ್ಲ, ಆ ಬಾಣ ನನ್ನ ಪಾಲಿಗೆ ಆವತ್ತು ಮೊದಲ ಸಲ ನಿಜವಾಯಿತು.

ಮರುದಿನ ಲಿಫ್ಟಿಗೆ ಹೋಗಿ ಫೋನನ್ನು ನೆಲದ ಮೇಲಿಟ್ಟೆ. ಹೊರಡುವಾಗ ಗೆರೆ 10.6ರವರೆಗೆ ಏರಿತು, ನಡುವಿನ ದಾರಿಯೆಲ್ಲ 9.8, ನಿಲ್ಲುವ ಮುಂಚೆ 9ಕ್ಕೆ ಇಳಿಯಿತು. ಮೇಲಕ್ಕೆ ಹೋಗುತ್ತಿದ್ದರೂ ನಿಲ್ಲುವಾಗ ತೂಕ ಕಡಿಮೆ! ಹೋಗುವ ದಿಕ್ಕು ಯಾವುದಾದರೇನು, ವೇಗೋತ್ಕರ್ಷ ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂಬುದನ್ನು ನೋಡಬೇಕು. ಮೇಲಕ್ಕೆ ಹೋಗುತ್ತ ವೇಗ ತಗ್ಗಿದರೆ ಅದು ಕೆಳಕ್ಕೆ. ಆಮೇಲೆ ಲಿಫ್ಟಿನ ಲೆಕ್ಕದಲ್ಲಿ ನಾನು ಚಿಹ್ನೆ ತಪ್ಪಿಲ್ಲ.

ಆ ದಿಂಬಿನ ಗ್ರಾಫನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ. ಸೊನ್ನೆಯ ಹತ್ತಿರ ಓಡಿದ ಗೆರೆಯ ಉದ್ದ 0.45 ಸೆಕೆಂಡ್. ಒಂದು ಮೀಟರ್ ಬೀಳಲು ಬೇಕಾದ ಸಮಯವೂ ಅಷ್ಟೇ. ನನ್ನ ಫೋನು ಸೆಕೆಂಡಿಗೆ ಸುಮಾರು 200 ಸಲ ಅಳೆಯುತ್ತದೆ, ಹಾಗಾಗಿ ಅಷ್ಟರಲ್ಲೇ ತೊಂಬತ್ತು ರೀಡಿಂಗ್ ಸಿಕ್ಕಿರುತ್ತವೆ. ಸ್ಟಾಪ್‌ವಾಚ್ ಹಿಡಿದು ಹೆಬ್ಬೆರಳಿನಲ್ಲಿ ಒತ್ತಿ ಇದನ್ನು ಅಳೆಯುವುದಕ್ಕೆ ಆಗುವ ಮಾತಲ್ಲ.

ಈಗ ಲೋಲಕದ ವಿಚಾರ. ಈ ಆಪ್ ಬಗ್ಗೆ ನನಗಿರುವ ಪ್ರೀತಿಗೆ ಕಾರಣವೇ ಇದು, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಫೋನನ್ನೇ ಗುಂಡಿನ ಬದಲು ತೂಗುಹಾಕುವುದು. ಎರಡು ದಾರಗಳಲ್ಲಿ ಉಯ್ಯಾಲೆಯ ಹಾಗೆ ಕಟ್ಟಿದರೆ ಫೋನು ತನ್ನ ಸುತ್ತ ತಿರುಗದೆ ನೆಟ್ಟಗೆ ತೂಗುತ್ತದೆ. ನಾನು ಬಾಗಿಲ ಚೌಕಟ್ಟಿನಿಂದ ಇಳಿಬಿಟ್ಟೆ. ಫೋನು ಗಾಳಿಯಲ್ಲಿ ಓಲಾಡುವಾಗ ಅದರ ಪರದೆ ನೋಡುವುದು ಹೇಗೆ? ಅದಕ್ಕೂ ದಾರಿ ಇದೆ. ಆಪ್‌ನಲ್ಲಿ ‘ರಿಮೋಟ್ ಆಕ್ಸೆಸ್’ ಹಚ್ಚಿದರೆ ಒಂದು ವಿಳಾಸ ಕೊಡುತ್ತದೆ. ಅದೇ ವೈಫೈಯಲ್ಲಿರುವ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿದರೆ ಅಳತೆ ಅಲ್ಲಿಯೇ ಕಾಣುತ್ತದೆ. ಶುರು ಮಾಡುವುದು, ನಿಲ್ಲಿಸುವುದು ಎಲ್ಲ ಅಲ್ಲಿಂದಲೇ. ಎಷ್ಟು ಅಚ್ಚುಕಟ್ಟಾಗಿ ಯೋಚಿಸಿ ಮಾಡಿದ್ದಾರೆ ಎಂದು ಆವತ್ತು ಮನಸ್ಸು ತುಂಬಿ ಬಂತು.

ಚೌಕಟ್ಟಿನಿಂದ ಫೋನಿನ ಮೇಲಂಚಿನವರೆಗೆ ಅಳೆದೆ: 60 ಸೆಂಟಿಮೀಟರ್. ಆವರ್ತಕಾಲ 1.605 ಸೆಕೆಂಡ್ ಎಂದು ಆಪ್ ಹೇಳಿತು. ಲೆಕ್ಕ ಹಾಕಿದರೆ ಜಿ 9.2 ಬಂತು. ಮತ್ತೆ ಮಾಡಿದೆ. 9.2. ದಾರ ಬಿಗಿ ಮಾಡಿ ಮತ್ತೆ ಮಾಡಿದೆ. ಅದೇ 9.2.

ಲ್ಯಾಬಿನಲ್ಲಾಗಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಹಿಂದಿನ ವರ್ಷದವರ ರೆಕಾರ್ಡ್ ನೋಡಿ, 9.78 ಬರುವ ಹಾಗೆ ರೀಡಿಂಗುಗಳನ್ನು ಹಿಂದಿನಿಂದ ಮುಂದಕ್ಕೆ ಹೊಂದಿಸಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆ. ಹಾಗೆ ಮಾಡಿದ್ದೇನೆ ಕೂಡ. ನಾನು ಫೇಲಾಗಿದ್ದಕ್ಕೆ ನಿಜವಾದ ಕಾರಣ ಅದೇ ಎಂದು ಈಗ ಅನ್ನಿಸುತ್ತದೆ. ಇಲ್ಲಿ ಸಹಿ ಹಾಕುವವರು ಯಾರೂ ಇರಲಿಲ್ಲ. 9.2 ಏಕೆ ಬಂತು ಎಂದು ತಿಳಿಯದೆ ಮಲಗಲು ಆಗಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಮ್ಮ ಕೇಳಿದ, “ಅಕ್ಕಾ, ದಾರ ಅಳೆದೆ ಸರಿ. ಫೋನು ಅಳೆಯೋದು ಬೇಡ್ವಾ?”

ಅವನು ಇನ್ನೂ ಎಂಟನೇ ಕ್ಲಾಸು. ಸರಿಯಾಗಿ ಹೇಳಿದ್ದ. ಉದ್ದ ಎಂದರೆ ನೇತುಹಾಕಿದ ಬಿಂದುವಿನಿಂದ ತೂಗುವ ವಸ್ತುವಿನ ದ್ರವ್ಯರಾಶಿಯ ಕೇಂದ್ರದವರೆಗೆ. ಅಡ್ಡ ಮಲಗಿಸಿ ಕಟ್ಟಿದ ನನ್ನ ಫೋನಿನ ಮಧ್ಯಭಾಗ ಮೇಲಂಚಿನಿಂದ 4 ಸೆಂಟಿಮೀಟರ್ ಕೆಳಗಿತ್ತು. 60ರ ಬದಲು 64 ಹಾಕಿದೆ. 9.81. ಆ ಸಂಖ್ಯೆ ಕ್ಯಾಲ್ಕುಲೇಟರಿನಲ್ಲಿ ಮೂಡಿದಾಗ ನಾವಿಬ್ಬರೂ ಕೂಗಿದ್ದು ಪಕ್ಕದ ಕೋಣೆಗೂ ಕೇಳಿಸಿತು. ‘ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಿರಿ’ ಎಂದು ಪ್ರತಿ ಮ್ಯಾನ್ಯುಅಲ್‌ನಲ್ಲೂ ಇರುತ್ತದೆ. ಓದಿದ್ದೆ, ಬರೆದಿದ್ದೆ, ವೈವಾದಲ್ಲಿ ಹೇಳಿದ್ದೆ. ತಿಳಿದದ್ದು ಮಾತ್ರ ಆ ರಾತ್ರಿ.

ಹುರುಪು ಬಂದು, ಫೋನನ್ನು 60 ಡಿಗ್ರಿಯವರೆಗೆ ಎಳೆದು ಬಿಟ್ಟೆವು. (ಕೆಳಗೆ ದಿಂಬು ಇದ್ದೇ ಇತ್ತು. ನೀವೂ ಇಡಿ.) ಮೊದಲ ಕೆಲವು ತೂಗಾಟದಲ್ಲಿ ಆವರ್ತಕಾಲ 1.7 ಸೆಕೆಂಡಿಗೂ ಮೇಲಿತ್ತು, ತೂಗಾಟ ಸಣ್ಣದಾದಂತೆ ಮೆಲ್ಲಗೆ 1.6ಕ್ಕೆ ಇಳಿಯಿತು. ಕೋನ ಚಿಕ್ಕದಿದ್ದರೆ ಮಾತ್ರ ಸೈನ್ ತೀಟಾ ತೀಟಾಗೆ ಸಮ ಎಂದು ಹಿಡಿಯಬಹುದು ಎಂಬ ಆ ಒಂದು ಸಾಲು ಇದ್ದಿದ್ದೇ ಇದಕ್ಕೆ. 60 ಡಿಗ್ರಿಯಲ್ಲಿ ಆವರ್ತಕಾಲ ಶೇಕಡಾ 7ರಷ್ಟು ಹೆಚ್ಚುತ್ತದೆ. 10 ಡಿಗ್ರಿಯಲ್ಲಿ ಶೇಕಡಾ 0.2 ಕೂಡ ಇಲ್ಲ.

ತಿರುಗು ಕುರ್ಚಿಯ ಪ್ರಯೋಗ ಬೇಗ ಹೇಳಿಬಿಡುತ್ತೇನೆ. ಕುರ್ಚಿಯ ಮೇಲೊಂದು ಹಲಗೆ ಕಟ್ಟಿ, ಅದರ ಮೇಲೆ ಫೋನಿನ ತಲೆ ಹೊರಮುಖವಾಗಿ ಇಟ್ಟು ತಿರುಗಿಸಿದೆ. ವೇಗೋತ್ಕರ್ಷಕ್ಕೂ ಕೋನೀಯ ವೇಗದ ವರ್ಗಕ್ಕೂ ಆಪ್ ತಾನೇ ಗ್ರಾಫ್ ಹಾಕುತ್ತದೆ. ನೇರ ಗೆರೆ ಬಂತು. ಅದರ ಇಳಿಜಾರೇ ತ್ರಿಜ್ಯ. ಫೋನಿನ ನಡು ಅಕ್ಷದಿಂದ 30 ಸೆಂಟಿಮೀಟರ್ ದೂರದಲ್ಲಿತ್ತು, ಇಳಿಜಾರು 34.5 ಎಂದಿತು. ಫೋನನ್ನು ತಿರುಗಿಸಿ ತಲೆ ಒಳಮುಖ ಮಾಡಿದರೆ 25.5. ಸೆನ್ಸರ್ ಇರುವುದು ಫೋನಿನ ನಡುವಿನಲ್ಲಲ್ಲ, ನಡುವಿನಿಂದ ನಾಲ್ಕೂವರೆ ಸೆಂಟಿಮೀಟರ್ ತಲೆಯ ಕಡೆಗೆ! ಬಿಚ್ಚದೆಯೇ ಫೋನಿನೊಳಗಿನ ಚಿಪ್ ಎಲ್ಲಿದೆ ಎಂದು ಹುಡುಕಿದ್ದೆ.

ಪುಟಿಯುವ ಚೆಂಡಿನದೂ ಚೆನ್ನಾಗಿದೆ. ನೆಲಕ್ಕೆ ಬಡಿದ ಸದ್ದುಗಳ ನಡುವಿನ ಸಮಯವನ್ನಷ್ಟೇ ಕೇಳಿಕೊಂಡು ಚೆಂಡು ಎಷ್ಟೆತ್ತರ ಹೋಯಿತು, ಎಷ್ಟು ಶಕ್ತಿ ಉಳಿಯಿತು ಎಂದು ಹೇಳುತ್ತದೆ. ನಮ್ಮ ಚೆಂಡಿಗೆ ಮೊದಲ ಅಂತರ 0.80 ಸೆಕೆಂಡ್, ಎರಡನೆಯದು 0.70. ಸಮಯದ ಅನುಪಾತದ ವರ್ಗ ಮಾಡಿದರೆ ಶೇಕಡಾ 77ರಷ್ಟು ಶಕ್ತಿ ಉಳಿದಿದೆ ಎಂದಾಯಿತು. ಪೆನ್ನು ಹಿಡಿದು ನೀವೇ ಒಮ್ಮೆ ಮಾಡಿ, ಆಮೇಲೆ ಆಪ್ ಹೇಳಿದ್ದನ್ನು ನೋಡಿ.

ಇನ್ನು ಅಲೆಗಳು. ನನ್ನ ಭಯ ಇದ್ದದ್ದೇ ಇಲ್ಲಿ. ‘ಅಕೌಸ್ಟಿಕ್ ಸ್ಟಾಪ್‌ವಾಚ್’ ಎಂಬುದು ಒಂದು ಸದ್ದಿಗೆ ಶುರುವಾಗಿ ಇನ್ನೊಂದು ಸದ್ದಿಗೆ ನಿಲ್ಲುವ ಗಡಿಯಾರ. ಇದರಲ್ಲಿ ಶಬ್ದದ ವೇಗ ಅಳೆಯುವ ಉಪಾಯವೊಂದಿದೆ. ನಾನು ಈವರೆಗೆ ಕಂಡ ಭೌತಶಾಸ್ತ್ರದ ಯೋಚನೆಗಳಲ್ಲಿ ಇಷ್ಟು ಸೊಗಸಾದದ್ದು ಮತ್ತೊಂದಿಲ್ಲ.

ಎರಡು ಫೋನು, ಎರಡು ಜನ. ನಾನು ಈ ತುದಿಯಲ್ಲಿ, ತಮ್ಮ ಆ ತುದಿಯಲ್ಲಿ, ನಡುವೆ ಅಳತೆ ಪಟ್ಟಿಯಲ್ಲಿ ಅಳೆದ 5 ಮೀಟರ್. ನಾನು ನನ್ನ ಫೋನಿನ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತೇನೆ. ನನ್ನ ಗಡಿಯಾರ ಆಗಲೇ ಶುರು. ತಮ್ಮನದು ಸದ್ದು ಅಲ್ಲಿಗೆ ತಲುಪಿದ ಮೇಲೆ, ಅಂದರೆ ಚೂರು ತಡವಾಗಿ ಶುರು. ಸ್ವಲ್ಪ ಹೊತ್ತು ಬಿಟ್ಟು ಅವನು ತಟ್ಟುತ್ತಾನೆ. ಅವನದು ಆಗಲೇ ನಿಲ್ಲುತ್ತದೆ, ನನ್ನದು ಸದ್ದು ನನ್ನಲ್ಲಿಗೆ ಬಂದ ಮೇಲೆ ಚೂರು ತಡವಾಗಿ ನಿಲ್ಲುತ್ತದೆ. ನನ್ನ ಗಡಿಯಾರ ಮೊದಲೇ ಹೊರಟು ಕೊನೆಗೆ ನಿಂತಿತು, ಅವನದು ತಡವಾಗಿ ಹೊರಟು ಬೇಗ ನಿಂತಿತು. ಎರಡರ ವ್ಯತ್ಯಾಸ ಎಂದರೆ ಶಬ್ದವು ಆ ದೂರವನ್ನು ಹೋಗಿ ಬರುವ ಸಮಯ. ಚಪ್ಪಾಳೆಗಳ ನಡುವೆ ನಾವು ಎಷ್ಟು ಹೊತ್ತು ಬಿಟ್ಟೆವು ಎಂಬುದು ಲೆಕ್ಕಕ್ಕೇ ಬರುವುದಿಲ್ಲ, ಕಳೆಯುವಾಗ ಅದು ಹೊರಟುಹೋಗುತ್ತದೆ. ಎರಡು ಗಡಿಯಾರಗಳನ್ನು ಹೊಂದಿಸಬೇಕಾಗಿಯೂ ಇಲ್ಲ.

ಮೊದಲ ಸಲ ನನ್ನದರಲ್ಲಿ 1.417, ಅವನದರಲ್ಲಿ 1.388. ವ್ಯತ್ಯಾಸ 0.029 ಸೆಕೆಂಡ್. 10 ಮೀಟರನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ 345 ಮೀಟರ್. ಇನ್ನೊಮ್ಮೆ ಮಾಡಿದಾಗ 0.030 ಬಂತು, ವೇಗ 333ಕ್ಕೆ ಇಳಿಯಿತು. ಮತ್ತೊಮ್ಮೆ 0.028, ವೇಗ 357ಕ್ಕೆ ಏರಿತು. ಸೆಕೆಂಡಿನ ಸಾವಿರದಲ್ಲೊಂದು ಭಾಗ ಆಚೀಚೆ ಆದರೂ ಉತ್ತರ ಹತ್ತು ಹನ್ನೆರಡು ಮೀಟರ್ ಓಡಾಡುತ್ತದೆ. “ದೂರ ಹೆಚ್ಚು ಮಾಡಿದ್ರೆ?” ಎಂದು ತಮ್ಮನೇ ಕೇಳಿದ. 10 ಮೀಟರ್ ಮಾಡಿದೆವು. ವ್ಯತ್ಯಾಸ 0.058 ಸುತ್ತಮುತ್ತ ಬಂತು, ಸಾವಿರದಲ್ಲೊಂದು ಭಾಗದ ತಪ್ಪಿಗೆ ಈಗ ಉತ್ತರ ಆರು ಮೀಟರ್ ಮಾತ್ರ ಅಲ್ಲಾಡಿತು. ಲ್ಯಾಬಿನ ಮೊದಲ ವಾರದಲ್ಲಿ ಬೋರ್ಡಿನ ಮೇಲೆ ಬರೆಸಿದ್ದ ‘ಪರ್ಸೆಂಟೇಜ್ ಎರರ್’ ಎಂಬ ಪಾಠ ಅಂಗಳದಲ್ಲಿ ಎಂಟನೇ ಕ್ಲಾಸಿನ ಹುಡುಗನಿಗೆ ತಾನಾಗಿ ಹೊಳೆಯಿತು.

ಈ ಗಡಿಯಾರಕ್ಕೆ ಎರಡು ವಿಷಯ ಮೊದಲೇ ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ಬೇಸರವಾಗುತ್ತದೆ. ಒಂದು, ಎಷ್ಟು ಜೋರು ಸದ್ದಿಗೆ ಅದು ಎಚ್ಚರಗೊಳ್ಳಬೇಕು ಎಂಬ ಮಿತಿ. ತೀರಾ ಕಡಿಮೆ ಇಟ್ಟರೆ ಫ್ಯಾನಿನ ಸದ್ದಿಗೇ ಶುರುವಾಗುತ್ತದೆ. ಇನ್ನೊಂದು, ಕನಿಷ್ಠ ವಿಳಂಬ. ಚಪ್ಪಾಳೆಯ ಸದ್ದು ಕೋಣೆಯಲ್ಲಿ ಸ್ವಲ್ಪ ಹೊತ್ತು ಉಳಿಯುವುದರಿಂದ ಅದೇ ಚಪ್ಪಾಳೆಗೆ ಗಡಿಯಾರ ಶುರುವಾಗಿ ನಿಂತೂಬಿಡುತ್ತದೆ. ವಿಳಂಬವನ್ನು ಅರ್ಧ ಸೆಕೆಂಡಿಗೆ ಏರಿಸಿ, ಸರಿಹೋಗುತ್ತದೆ.

ಅನುರಣನ ಕೊಳವೆಯ ಪ್ರಯೋಗವನ್ನೂ ಮನೆಯಲ್ಲೇ ಮಾಡಿದೆ. ಲ್ಯಾಬಿನಲ್ಲಿ ಟ್ಯೂನಿಂಗ್ ಫೋರ್ಕನ್ನು ರಬ್ಬರ್ ತುಂಡಿಗೆ ಬಡಿದು, ಅದರ ಸದ್ದು ಸಾಯುವುದರೊಳಗೆ ಕೊಳವೆ ಮೇಲೆ ಕೆಳಗೆ ಮಾಡಿ, ಜೋರಾಗಿ ಕೇಳಿಸಿತೋ ಇಲ್ಲವೋ ಎಂದು ಪಕ್ಕದವಳನ್ನು ಕೇಳಬೇಕಿತ್ತು. ಇಲ್ಲಿ ‘ಟೋನ್ ಜನರೇಟರ್’ನಲ್ಲಿ 512 ಹರ್ಟ್ಸ್ ಹಾಕಿದರೆ ಸಾಕು, ನಿಲ್ಲಿಸುವವರೆಗೆ ಒಂದೇ ಸಮನೆ ನುಡಿಯುತ್ತದೆ. ಒಳವ್ಯಾಸ ಮೂರೂವರೆ ಸೆಂಟಿಮೀಟರ್ ಇರುವ ಪ್ಲಾಸ್ಟಿಕ್ ಪೈಪನ್ನು ಉದ್ದನೆಯ ನೀರಿನ ಪಾತ್ರೆಯಲ್ಲಿ ಇಳಿಸಿ, ಬಾಯಿಯ ಮೇಲೆ ಫೋನು ಹಿಡಿದು ನಿಧಾನವಾಗಿ ಎತ್ತಿದೆ. ನೀರಿನ ಮೇಲಿನ ಗಾಳಿಯ ಉದ್ದ 15.8 ಸೆಂಟಿಮೀಟರ್ ಆದಾಗ ಪೈಪು ಒಮ್ಮೆಲೇ ಹಾಡಿತು. ಅದಕ್ಕಿಂತ ಒಳ್ಳೆಯ ಶಬ್ದ ನನ್ನಲ್ಲಿಲ್ಲ. ಮತ್ತೆ 49.5ರಲ್ಲಿ ಹಾಡಿತು. ಎರಡರ ವ್ಯತ್ಯಾಸ ಅರ್ಧ ತರಂಗಾಂತರ, ಅಂದರೆ ತರಂಗಾಂತರ 67.4 ಸೆಂಟಿಮೀಟರ್. 512ರಿಂದ ಗುಣಿಸಿದರೆ ಮತ್ತೆ ಅದೇ 345. ಚಪ್ಪಾಳೆಯಲ್ಲಿ ಬಂದ ಸಂಖ್ಯೆ ಪೈಪಿನಲ್ಲೂ ಬಂದಾಗ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲದ ದಾರಿಗಳು ಅವು.

ಒಂದೇ ಅಳತೆಯನ್ನು ನಾಲ್ಕರಿಂದ ಗುಣಿಸಿದ್ದರೆ ತರಂಗಾಂತರ 63 ಬರುತ್ತಿತ್ತು, ತಪ್ಪು. ಕಂಪಿಸುವ ಗಾಳಿ ಪೈಪಿನ ಬಾಯಿಂದ ಸ್ವಲ್ಪ ಹೊರಗೂ ಚಾಚಿರುತ್ತದೆ. ನನ್ನ ಅಳತೆಗಳಿಂದ ಆ ಚಾಚು 1.05 ಸೆಂಟಿಮೀಟರ್ ಎಂದು ಬಂತು. ವ್ಯಾಸದ 0.3 ಪಟ್ಟು ಎಂದು ಪುಸ್ತಕ ಹೇಳುತ್ತದೆ, ಮೂರೂವರೆಯ 0.3 ಪಟ್ಟು ಎಷ್ಟು ಎಂದು ನೀವೇ ನೋಡಿ.

ಬೀಟ್ಸ್ ಕೇಳಬೇಕಾದರೆ ಎರಡು ಫೋನುಗಳಲ್ಲಿ 440 ಮತ್ತು 442 ಹರ್ಟ್ಸ್ ನುಡಿಸಿ. ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ. 442ನ್ನು 441 ಮಾಡಿದರೆ ಸೆಕೆಂಡಿಗೆ ಒಂದೇ ಸಲ.

ಎಲ್ಲವೂ ಇದರಿಂದ ಆಗುತ್ತದೆ ಎಂದು ನಂಬಬೇಡಿ. ವೇಗೋತ್ಕರ್ಷವನ್ನು ಎರಡು ಸಲ ಇಂಟಿಗ್ರೇಟ್ ಮಾಡಿ ಫೋನು ಎಷ್ಟು ದೂರ ಹೋಯಿತು ಎಂದು ಹೇಳಬಹುದು ಅಂದುಕೊಂಡು ನಾನೊಂದು ಸಂಜೆಯನ್ನೇ ಕಳೆದೆ. ಸೆನ್ಸರಿನಲ್ಲಿ 0.05ರಷ್ಟು ಸಣ್ಣ ತಪ್ಪಿದ್ದರೂ ಹತ್ತು ಸೆಕೆಂಡಿನಲ್ಲಿ ಅದು ಎರಡೂವರೆ ಮೀಟರ್ ಆಗಿಬಿಡುತ್ತದೆ. ಮೇಜಿನ ಮೇಲಿಂದ ಕದಲದ ಫೋನು ಲೆಕ್ಕದಲ್ಲಿ ಗೋಡೆ ದಾಟಿ ಹೋಗಿತ್ತು. ಹಾಗೆಯೇ ತಂತಿಯ ಮೇಲಿನ ಅಲೆಗಳಿಗೆ ತಂತಿಯೇ ಬೇಕು, ಇಳಿಜಾರಿನ ಮೇಲಿನ ಎರಡು ಪೆಟ್ಟಿಗೆಯ ಲೆಕ್ಕಕ್ಕೆ ಕಾಗದ, ಪೆನ್ಸಿಲೇ ಬೇಕು. ಬಲಗಳ ಚಿತ್ರ ಬರೆಯುವುದನ್ನು ಯಾವ ಆಪ್ ಕೂಡ ನಿಮ್ಮ ಪರವಾಗಿ ಮಾಡಲಾರದು. ಫೋನುಗಳಲ್ಲೂ ವ್ಯತ್ಯಾಸವಿದೆ. ನನ್ನದರಲ್ಲಿ ಗಾಳಿಯ ಒತ್ತಡದ ಸೆನ್ಸರ್ ಇಲ್ಲ, ಆದ್ದರಿಂದ ಲಿಫ್ಟಿನ ಎತ್ತರ ಅಳೆಯುವ ಪ್ರಯೋಗ ನನಗೆ ತೆರೆಯುವುದಿಲ್ಲ.

ಬಳಸುವ ಕ್ರಮದ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಮಾಡಿ. ಶುರು ಬಟನ್ ಒತ್ತುವ ಮೊದಲು ಎಷ್ಟು ಬರಬೇಕು ಎಂದು ಲೆಕ್ಕ ಹಾಕಿ ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇವೆ: ‘ನಾನು ಹೇಳಿದ್ದು’, ‘ಫೋನು ಹೇಳಿದ್ದು’. ಎರಡೂ ಒಂದೇ ಆದ ಪುಟಗಳನ್ನು ತಿರುವಿಹಾಕುತ್ತೇನೆ. ಬೇರೆಯಾದ ಪುಟಗಳ ಕೆಳಗೆ ಜಾಗ ಬಿಟ್ಟು, ಕಾರಣ ಸಿಕ್ಕಿದ ದಿನ ಬೇರೆ ಬಣ್ಣದ ಶಾಯಿಯಲ್ಲಿ ಬರೆಯುತ್ತೇನೆ. ರೀಡಿಂಗುಗಳನ್ನು ಎಕ್ಸೆಲ್ ಕಡತವಾಗಿ ಕಳಿಸಿಕೊಳ್ಳಬಹುದು, ಗ್ರಾಫ್ ಹಾಕಲು ಅನುಕೂಲ.

ಡಾಪ್ಲರ್ ಪರಿಣಾಮ ಇನ್ನೂ ಬಾಕಿ ಇದೆ. 1000 ಹರ್ಟ್ಸ್ ನುಡಿಯುವ ಫೋನನ್ನು ಹಿಡಿದು ತಮ್ಮ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನನ್ನ ಕಡೆ ನಡೆದು ಬಂದರೆ ಆವೃತ್ತಿ 2.9 ಹರ್ಟ್ಸ್ ಏರಬೇಕು. ಎಡಗಡೆಯ ಕಾಲಂನಲ್ಲಿ ಬರೆದಿಟ್ಟಿದ್ದೇನೆ. ಭಾನುವಾರ ಅವನಿಗೆ ರಜೆ.